ಮಡಿಕೆ, ಮಡಿಲು, ಮಡಿ, ನಾಲ್ವಡಿ: ಓದುಗರಿಗೊಂದು ಉತ್ತರ

ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ಓದುಗರೊಬ್ಬರ ಪತ್ರದ ಸಾರ ಇದು: ‘ನಾಲ್ವಡಿ ಕೃಷ್ಣರಾಜ ಒಡೆಯರ ಬಗ್ಗೆ ಪಾಠ ಮಾಡುತ್ತಿದ್ದಾಗ ಹುಡುಗಿಯೊಬ್ಬಳು ಎದ್ದುನಿಂತು, ನಾಲ್ವಡಿ ಅಂದರೆ ನಾಲ್ಕು ಅಡಿಯಾ ಸಾರ್ ಎಂದು ಕೇಳಿದಳು. ನಾಲ್ಕನೆಯವರು ಎಂದರ್ಥ ಅಂತ ಹೇಳಿ ಮುಂದೆ ಹೋದೆ. ಆಮೇಲೆ ನನಗೇ ಅನುಮಾನ ಹತ್ತಿತು. ಬಟ್ಟೆಯ ಮಡಿಕೆ, ತಾಯಿಯ ಮಡಿಲು, ಸ್ನಾನ ಮಾಡಿ ಉಡುವ ಮಡಿ, ಯುದ್ಧದಲ್ಲಿ ಮಡಿದ ಸೈನಿಕ, ಭತ್ತದ ಸಸಿಮಡಿ, ಇಮ್ಮಡಿ, ಮುಮ್ಮಡಿ, ಕಡೆಗೆ ಮಡಿಕೇರಿ. ಇವೆಲ್ಲ ಒಂದೇ ಪದವೇ, ಬೇರೆಬೇರೆಯೇ? ನೆರಿಗೆ ಎಂಬುದಕ್ಕೂ ಮಡಿಕೆಗೂ ಏನು ವ್ಯತ್ಯಾಸ? ಮಡಚು, ಮಡಿಚು, ಮಡಿಸು ಇವುಗಳಲ್ಲಿ ಮಕ್ಕಳಿಗೆ ಯಾವುದನ್ನು ಬರೆಯಲು ಹೇಳಲಿ?’

ಪ್ರಿಯ ಮೇಷ್ಟ್ರೇ,

ನಿಮ್ಮ ವಿದ್ಯಾರ್ಥಿನಿಗೆ ಮೊದಲು ನನ್ನ ಮೆಚ್ಚುಗೆ ತಿಳಿಸಿ. ದಿನಾ ಬಾಯಲ್ಲಿ ಓಡಾಡುವ ಪದದ ಮುಂದೆ ನಿಂತು ‘ಇದು ಯಾಕೆ ಹೀಗೆ’ ಎಂದು ಕೇಳುವವರು ಕಡಿಮೆ. ಆ ಹುಡುಗಿ ನಾಲ್ವಡಿಯಲ್ಲಿ ‘ಅಡಿ’ಯನ್ನು ಕಂಡದ್ದು ತಪ್ಪೇ ಆದರೂ ಪದವನ್ನು ಬಿಡಿಸಿ ನೋಡಬೇಕು ಎಂಬ ಅವಳ ಹಂಬಲ ಸರಿಯಾದದ್ದು. ಹಾಗಾಗಿ ಈ ಸಲ ಪತ್ರಕ್ಕೆ ನಾಲ್ಕು ಸಾಲಿನ ಉತ್ತರ ಕೊಟ್ಟು ಮುಗಿಸದೆ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತಿದ್ದೇನೆ.

ಬೇರಿನಿಂದ ಶುರುಮಾಡೋಣ. ‘ಮಡಿ’ ಎಂಬ ಧಾತುವಿನ ಮೊದಲ ಅರ್ಥ ಬಾಗು, ಬಗ್ಗಿ ಒಂದರ ಮೇಲೊಂದು ಬೀಳು. ಇದು ಕನ್ನಡಕ್ಕೆ ಮಾತ್ರ ಸೇರಿದ್ದಲ್ಲ. ತಮಿಳಿನ ಮಡಿಪ್ಪು, ಮಲಯಾಳದ ಮಡಕ್ಕು, ತೆಲುಗಿನ ಮಡತ, ತುಳುವಿನ ಮಡಿಪು ಎಲ್ಲವೂ ನಮ್ಮ ಮಡಿಕೆಯ ಒಡಹುಟ್ಟುಗಳು. ಬಟ್ಟೆ ಮಡಿಸುತ್ತೇವೆ, ಕಾಗದ ಮಡಚುತ್ತೇವೆ, ಊಟವಾದ ಮೇಲೆ ಎಲೆ ಮಡಚುತ್ತೇವೆ, ಅಂಗಿಯ ತೋಳು ಮಡಚುತ್ತೇವೆ, ಕಾಲು ಮಡಚಿ ಕೂರುತ್ತೇವೆ, ಬೆರಳು ಮಡಚಿ ಲೆಕ್ಕ ಹಾಕುತ್ತೇವೆ. ಆದರೆ ನಮಸ್ಕಾರ ಮಾಡುವಾಗ ಕೈ ಮಡಚುವುದಿಲ್ಲ, ಮುಗಿಯುತ್ತೇವೆ. ಸಂಜೆಗೆ ತಾವರೆ ಮುಗಿಯುವ ಹಾಗೆ ಎರಡು ಅಂಗೈ ಸೇರಿ ಮುಚ್ಚಿಕೊಳ್ಳುವುದು ‘ಮುಗಿ’. ಹಿರಿಯರ ಮುಂದೆ ನಿಂತಾಗ ಕೈ ಕಟ್ಟುತ್ತೇವೆ. ಒಂದೇ ವಸ್ತು ತನ್ನ ಮೇಲೆಯೇ ತಿರುಗಿ ಬಿದ್ದರೆ ಮಾತ್ರ ಕನ್ನಡಕ್ಕೆ ಅದು ಮಡಿಕೆ. ಈ ಗೆರೆಯನ್ನು ಕನ್ನಡ ಎಷ್ಟು ಚೊಕ್ಕವಾಗಿ ಎಳೆದುಕೊಂಡಿದೆ ಎಂಬುದನ್ನು ಮಕ್ಕಳಿಗೆ ತೋರಿಸಿ, ಅವರಿಗೆ ಖುಷಿಯಾಗುತ್ತದೆ.

ಹಿಮಾಲಯದಂಥ ಬೆಟ್ಟಸಾಲುಗಳನ್ನು ಭೂಗೋಳದವರು ಮಡಿಕೆ ಪರ್ವತ ಎಂದು ಕರೆದದ್ದೂ ಇದೇ ಅರ್ಥದಲ್ಲಿ. ಭೂಫಲಕಗಳ ಒತ್ತಡಕ್ಕೆ ಸಿಕ್ಕ ಬಂಡೆಯ ಪದರಗಳು ಬಾಗಿ ಮೇಲೆದ್ದಾಗ ಅವು ಹುಟ್ಟುತ್ತವೆ. ಒಳ್ಳೆಯ ಪಾರಿಭಾಷಿಕ ಪದ ಅದು, ಹೇಳಿದ ಕೂಡಲೇ ಚಿತ್ರ ಕಣ್ಣೆದುರು ನಿಲ್ಲುತ್ತದೆ.

ಇನ್ನು ನಾಲ್ವಡಿ. ನಾಲ್ ಮತ್ತು ಮಡಿ ಸೇರಿ ನಾಲ್ವಡಿ ಆಗಿದೆ. ಮಡಿಯ ಮಕಾರ ವಕಾರವಾದದ್ದು ನಮ್ಮ ವ್ಯಾಕರಣದ ಆದೇಶ ಸಂಧಿ. 13ನೆಯ ಶತಮಾನದ ಕೇಶಿರಾಜನಿಂದ ಹಿಡಿದು ಇವತ್ತಿನ ಪಠ್ಯಪುಸ್ತಕದವರೆಗೆ ಎಲ್ಲ ಕಡೆ ಹೇಳುವ ಮಾತೇ: ಸಮಾಸದಲ್ಲಿ ಉತ್ತರಪದದ ಮೊದಲಿನ ಪ, ಬ, ಮಗಳಿಗೆ ವಕಾರ ಬರುವುದುಂಟು. ಮೆಲ್ ಮತ್ತು ಮಾತು ಸೇರಿ ಮೆಲ್ವಾತು ಆಗುವುದು ಅದೇ ದಾರಿ. ನಾಲ್ ಮತ್ತು ಪತ್ತು ಸೇರಿ ನಾಲ್ವತ್ತು, ಅದು ಸವೆದು ನಲವತ್ತು. ಇಮ್ಮಡಿ, ಮುಮ್ಮಡಿಗಳಲ್ಲಿ ಮಾತ್ರ ಮಕಾರ ಉಳಿದು ಒತ್ತಕ್ಷರವಾಗಿದೆ. ಹೀಗಾಗಿ ನಾಲ್ವಡಿಯಲ್ಲಿ ಮಡಿ ಅವಿತುಕೊಂಡಿತು, ಅಡಿ ಕಾಣಿಸಿಕೊಂಡಿತು. ನೂರ್ಮಡಿಯಲ್ಲಿ ಮತ್ತೆ ಅದು ಬಯಲಿಗೆ ಬರುತ್ತದೆ. ‘ಸಂತೋಷ ನೂರ್ಮಡಿಯಾಯಿತು’ ಎಂದು ಬರೆಯುವಾಗ ನಾವು ಸಂತೋಷವನ್ನು ಒಂದು ಬಟ್ಟೆಯಂತೆ ಪದರ ಪದರವಾಗಿ ಕಾಣುತ್ತಿದ್ದೇವೆ.

ಪದರ ಎಂಬ ಮಾತನ್ನು ಇಲ್ಲಿ ಒತ್ತಿ ಹೇಳಬೇಕು. ಮುಮ್ಮಡಿ ಎಂದರೆ ಮೂರು ಸಲ ಮಡಿಸಿದ್ದು ಎಂದು ಅರ್ಥ ಮಾಡಿದರೆ ಲೆಕ್ಕ ಕೂಡುವುದಿಲ್ಲ. ಬಟ್ಟೆಯನ್ನು ಪ್ರತಿಸಲವೂ ನಡುವಿಗೇ ಮಡಿಸುತ್ತ ಹೋದರೆ ಒಂದು ಸಲಕ್ಕೆ ಎರಡು ಪದರ, ಎರಡು ಸಲಕ್ಕೆ ನಾಲ್ಕು, ಮೂರು ಸಲಕ್ಕೆ ಎಂಟು. ಹತ್ತನೆಯ ಸಲಕ್ಕೆ 1024 ಪದರ ಆಗಬೇಕು. ಆದ್ದರಿಂದ ಸಂಖ್ಯೆಯ ಜೊತೆ ಬರುವ ಮಡಿ ಕ್ರಿಯೆಯನ್ನು ಎಣಿಸುತ್ತಿಲ್ಲ, ಕ್ರಿಯೆಯಿಂದ ಸಿದ್ಧವಾದ ಪದರಗಳನ್ನು ಎಣಿಸುತ್ತದೆ. ಮೂರು ಪದರ ಇದ್ದದ್ದು ಮುಮ್ಮಡಿ. ಒಂದು ಪದರಕ್ಕಿಂತ ಮೂರರಷ್ಟು ದಪ್ಪ, ಮೂರರಷ್ಟು ಬಲ. ಅಲ್ಲಿಂದ ‘ಮೂರರಷ್ಟು’ ಎಂಬ ಅರ್ಥಕ್ಕೆ ಒಂದೇ ಹೆಜ್ಜೆ.

ಸಂಸ್ಕೃತ ಇದೇ ಕೆಲಸಕ್ಕೆ ಹಗ್ಗವನ್ನು ಹಿಡಿಯಿತು. ಗುಣ ಎಂದರೆ ಎಳೆ, ದಾರ, ಬಿಲ್ಲಿನ ಹೆದೆ. ಎರಡು ಎಳೆಯದ್ದು ದ್ವಿಗುಣ, ಮೂರು ಎಳೆಯದ್ದು ತ್ರಿಗುಣ. ನಾವು ಗಣಿತದಲ್ಲಿ ಮಾಡುವ ಗುಣಾಕಾರ, ಗುಣಲಬ್ಧಗಳೆಲ್ಲ ಆ ಹಗ್ಗದ ಎಳೆಗಳೇ. ಮರಾಠಿಯ ದುಪ್ಪಟ್, ತಿಪ್ಪಟ್‌ಗಳ ನೆಂಟಸ್ತಿಕೆಯ ದುಪ್ಪಟ್ಟು ನಮ್ಮ ಪೇಟೆಯ ಮಾತಿನಲ್ಲಿ ನೆಲೆಯೂರಿದೆ. ಎರಡು ಪನ್ನದ ಬಟ್ಟೆ ಜೋಡಿಸಿ ಮಾಡಿದ ಹೊದಿಕೆಗೆ ಉತ್ತರದವರು ದುಪಟ್ಟಾ ಎಂದರು. ಲ್ಯಾಟಿನ್ನಿನಲ್ಲಿಯೂ ಮಡಿಸು ಎಂಬ ಅರ್ಥದ ‘ಪ್ಲಿಕಾರೆ’ಯಿಂದಲೇ ಇಂಗ್ಲಿಷಿನವರ ಮಲ್ಟಿಪ್ಲೈ ಬಂದಿದೆ. ಲೆಕ್ಕ ಕಲಿಯುವ ಮೊದಲು ಮನುಷ್ಯ ಬಟ್ಟೆ ಮಡಿಸುವುದನ್ನೂ ಹಗ್ಗ ಹೊಸೆಯುವುದನ್ನೂ ಕಲಿತಿದ್ದ. ಈ ಪದಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಅದು ಎದ್ದು ಕಾಣುತ್ತದೆ.

ದೊರೆಗಳ ಹೆಸರಿಗೆ ಬಂದರೆ, ನೀವು ‘ನಾಲ್ಕನೆಯವರು’ ಎಂದು ಹೇಳಿದ್ದು ಸರಿಯೇ. 1799ರಲ್ಲಿ ಪಟ್ಟಕ್ಕೆ ಬಂದ ಕೃಷ್ಣರಾಜರು ಮೂರನೆಯವರು, 1884ರಲ್ಲಿ ಹುಟ್ಟಿ 1940ರಲ್ಲಿ ತೀರಿಕೊಂಡ ಕೃಷ್ಣರಾಜರು ನಾಲ್ಕನೆಯವರು. ಆದರೆ ಕನ್ನಡದಲ್ಲಿ ಕ್ರಮ ಹೇಳಲು ಎರಡನೆಯ, ಮೂರನೆಯ ಎಂಬ ಮಾತುಗಳು ಇದ್ದೇ ಇವೆ. ಬ್ರಿಟನ್ನಿನ ರಾಣಿಯನ್ನು ನಮ್ಮ ಪತ್ರಿಕೆಗಳು ಎರಡನೇ ಎಲಿಜಬೆತ್ ಎಂದು ಬರೆದವು, ಇಮ್ಮಡಿ ಎಲಿಜಬೆತ್ ಎಂದು ಬರೆದರೆ ಕಿವಿಗೆ ಹಿತವಾಗುತ್ತಿರಲಿಲ್ಲ. ಇಮ್ಮಡಿ ಎಂಬುದರಲ್ಲಿ ಬರಿಯ ಸರದಿಯ ಸಂಖ್ಯೆಗಿಂತ ಹೆಚ್ಚಿನದೊಂದು ಇದೆ: ಅದೇ ಹೆಸರು, ಅದೇ ಬಲ, ಈಗ ಎರಡು ಪದರವಾಗಿ ಬಂದಿದೆ ಎಂಬ ಅಭಿಮಾನ. ವಿಜಯನಗರದ ಸಾಳುವ ನರಸಿಂಹನ ಮಗ ಇಮ್ಮಡಿ ನರಸಿಂಹ. ಬಾದಾಮಿಯ ಪುಲಕೇಶಿಯ ಮಾತು ಸ್ವಲ್ಪ ಬೇರೆ. ರವಿಕೀರ್ತಿ ಬರೆದ ಕ್ರಿ.ಶ. 634ರ ಐಹೊಳೆ ಶಾಸನ ಸಂಸ್ಕೃತದ್ದು, ಅದರಲ್ಲಿ ‘ಇಮ್ಮಡಿ’ ಇಲ್ಲ. ಅಜ್ಜನಿಗೂ ಮೊಮ್ಮಗನಿಗೂ ಒಂದೇ ಹೆಸರಿದ್ದುದರಿಂದ ಚರಿತ್ರೆ ಬರೆದವರು ಗುರುತಿಗಾಗಿ ಇಮ್ಮಡಿ ಸೇರಿಸಿದರು. ಆದರೂ ಹರ್ಷನನ್ನು ತಡೆದು ನಿಲ್ಲಿಸಿದ ದೊರೆಗೆ ಆ ಪದ ಚೆನ್ನಾಗಿ ಒಪ್ಪಿತು.

ಇಲ್ಲೊಂದು ಎಚ್ಚರಿಕೆ. ತಂಜಾವೂರಿನ ರಾಜರಾಜ ಚೋಳನಿಗೆ ‘ಮುಮ್ಮುಡಿ ಚೋಳ’ ಎಂಬ ಬಿರುದಿತ್ತು. ಅದು ಮುಡಿ, ಅಂದರೆ ಕಿರೀಟ; ಮೂರು ಕಿರೀಟ ಧರಿಸಿದವನು ಎಂದರ್ಥ. ಒಂದು ಉಕಾರದಲ್ಲಿ ಪದವೇ ಬದಲಾಗುತ್ತದೆ. ಕೆಲವರು ಅದನ್ನು ಮುಮ್ಮಡಿ ಎಂದು ಬರೆದುಬಿಡುತ್ತಾರೆ.

ಮಡಿಲಿಗೆ ಬರುತ್ತೇನೆ. ತಮಿಳು, ಮಲಯಾಳಗಳಲ್ಲಿ ಮಡಿ ಎಂದರೇ ಮಡಿಲು. ಕಾಲು ಮಡಚಿ ಕೂತಾಗ ಮೈಯಲ್ಲಿ ಒಂದು ಮಡಿಕೆ ಮೂಡುತ್ತದೆ, ಅದರ ಮೇಲಿನ ಸೀರೆಯಲ್ಲಿ ಇನ್ನೊಂದು. ಕನ್ನಡದ ಮಡಿಲು ಈ ಎರಡನ್ನೂ ಹಿಡಿದಿಟ್ಟುಕೊಂಡಿದೆ. ತಾಯಿಯ ಮಡಿಲಲ್ಲಿ ಮಗು ಮಲಗಿತು ಎಂದಾಗ ಮೈ. ಮಡಿಲಲ್ಲಿ ಹೂವು ತುಂಬಿಕೊಂಡು ಬಂದಳು ಎಂದಾಗ ಬಟ್ಟೆ. ತೊಡೆ ಎಂಬುದು ಅಂಗದ ಹೆಸರು, ಎದ್ದು ನಿಂತರೂ ಅದು ಇರುತ್ತದೆ. ಮಡಿಲು ಹಾಗಲ್ಲ. ಯಾವುದನ್ನಾದರೂ ಹಿಡಿದುಕೊಳ್ಳಬೇಕಾದಾಗ ಮಾತ್ರ ಅದು ಉಂಟಾಗುತ್ತದೆ. ತವರಿಗೆ ಬಂದ ಮಗಳಿಗೆ ಅಕ್ಕಿ, ಕಾಯಿ, ಎಲೆಯಡಿಕೆ, ಕುಬುಸದ ಕಣ ಇಟ್ಟು ಮಡಿಲು ತುಂಬುತ್ತಾರೆ. ಉತ್ತರ ಕರ್ನಾಟಕದ ಕಡೆ ಇದನ್ನೇ ಉಡಿ ತುಂಬುವುದು ಎನ್ನುತ್ತಾರೆ. ಉಡಿ ಬಂದದ್ದು ಉಡು ಎಂಬ ಧಾತುವಿನಿಂದ. ಒಂದು ಕಡೆ ಉಟ್ಟದ್ದು, ಇನ್ನೊಂದು ಕಡೆ ಮಡಿಸಿದ್ದು. ತುಂಬುವುದು ಅದೇ ಸೆರಗಿಗೆ. ಬಾಣಂತಿಯರಿಗೆ ಸರ್ಕಾರ ಕೊಟ್ಟ ಸಾಮಗ್ರಿಗಳ ಪೊಟ್ಟಣಕ್ಕೆ ‘ಮಡಿಲು’ ಎಂದು ಹೆಸರಿಟ್ಟವರು ಯಾರೇ ಆಗಿರಲಿ, ಭಾಷೆಯ ಒಳಮನೆ ಬಲ್ಲವರು.

ನಿಮ್ಮ ಪಟ್ಟಿಯಲ್ಲಿ ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿದ್ದು ಸ್ನಾನದ ಮಡಿ. ಮಡಿಕೆ ಎಂಬ ಅರ್ಥದ ಪದ ಶುದ್ಧಿ ಎಂಬ ಅರ್ಥಕ್ಕೆ ಹೇಗೆ ಬಂತು? ಇದಕ್ಕೆ ಉತ್ತರ ನಮ್ಮ ಬಳಕೆಯಲ್ಲೇ ಇದೆ. ‘ಮಡಿ ಉಟ್ಟುಕೋ’ ಎನ್ನುತ್ತೇವೆ. ಶುದ್ಧಿಯನ್ನು ಉಡುವುದಕ್ಕೆ ಬರುವುದಿಲ್ಲ, ಬಟ್ಟೆಯನ್ನು ಉಡಬಹುದು. ಮಡಿಯನ್ನು ಗಳದ ಮೇಲೆ ಹರವುತ್ತಾರೆ, ಕೋಲಿನಿಂದ ತೆಗೆಯುತ್ತಾರೆ. ಹಳ್ಳಿಗಳಲ್ಲಿ ಬಟ್ಟೆ ಒಗೆಯುವುದಕ್ಕೆ ‘ಮಡಿ ಮಾಡುವುದು’ ಎಂದೇ ಹೆಸರು, ಅಲ್ಲಿ ಪೂಜೆ ಪುನಸ್ಕಾರದ ಸುಳಿವೂ ಇರಬೇಕಿಲ್ಲ. ಮದುವಣಿಗನೋ ದೇವರೋ ಬರುವ ದಾರಿಗೆ ಹಾಸುವ ಒಗೆದ ಬಟ್ಟೆ ನಡೆಮಡಿ. ಇವನ್ನೆಲ್ಲ ಜೋಡಿಸಿದರೆ ದಾರಿ ಸ್ಪಷ್ಟ. ಮಡಿ ಎಂದರೆ ಮಡಿಕೆ. ಮಡಿಸಿಟ್ಟ ಬಟ್ಟೆಯೂ ಮಡಿ. ಮಡಿಸಿಡುವುದು ಒಗೆದು ಒಣಗಿಸಿದ ಬಟ್ಟೆಯನ್ನು, ಆದ್ದರಿಂದ ಮಡಿ ಎಂದರೆ ಒಗೆದ ಬಟ್ಟೆ. ಅದನ್ನು ಉಟ್ಟವರು ಮಡಿಯಲ್ಲಿದ್ದಾರೆ. ಆಮೇಲೆ ಬಟ್ಟೆಯ ಮಾತು ಹಿಂದೆ ಸರಿದು ಶುದ್ಧಿಯ ಮಾತು ಮುಂದೆ ಬಂತು. ಮಡಿನೀರು, ಮಡಿ ಅಡುಗೆ, ಮಡಿ ಹೆಂಗಸು ಎಂದೆಲ್ಲ ಬೆಳೆಯಿತು.

ಹಾಗಿದ್ದರೆ ಮಡಿಯನ್ನು ಮಾಡಿದವರು ಯಾರು? ಅವರ ಹೆಸರಲ್ಲೇ ಅದು ಇದೆ: ಮಡಿವಾಳರು. ಊರಿನ ಕೊಳೆಯನ್ನು ಹೊತ್ತು ಹೊಳೆಗೆ ಹೋಗಿ, ಸವಳು ಹಾಕಿ ಕುದಿಸಿ, ಕಲ್ಲಿಗೆ ಬಡಿದು, ಒಣಗಿಸಿ, ಮಡಿಸಿ ಮನೆಮನೆಗೆ ತಂದುಕೊಟ್ಟವರು. ಶುದ್ಧಿ ಎಂಬ ಮಾತನ್ನು ಕನ್ನಡಕ್ಕೆ ದುಡಿದು ಕೊಟ್ಟವರು ಅವರೇ. ಅವರು ತಂದ ಮಡಿಯನ್ನು ಉಟ್ಟವರಲ್ಲಿ ಎಷ್ಟೋ ಜನ ಅವರನ್ನೇ ಮೈಲಿಗೆ ಎಂದು ಹೊಸ್ತಿಲಾಚೆ ನಿಲ್ಲಿಸಿದರು. ಅವರ ಕೈಯಿಂದ ಬಂದ ಬಟ್ಟೆಗೆ ಮತ್ತೆ ನೀರು ಹಾಕಿ ಹಿಂಡಿ ‘ಮಡಿ’ ಮಾಡಿಕೊಂಡ ಮನೆಗಳೂ ಇದ್ದವು. ಇದನ್ನು ಓದುಗರ ಮುಂದೆ ಇಡುವಾಗ ನನಗೆ ಸಂಕಟವಾಗುತ್ತದೆ. ಪದದ ಬೇರು ಹುಡುಕುವ ಕೆಲಸ ಬರಿಯ ಬುದ್ಧಿಯ ವ್ಯಾಯಾಮ ಎಂದು ನಾನು ನಂಬದಿರುವುದು ಇಂಥ ಕಡೆಗಳಿಂದಾಗಿಯೇ. ದುಡಿದವರ ಗುರುತನ್ನು ಸಮಾಜ ಅಳಿಸಿದರೂ ಪದ ಅಳಿಸಲಿಲ್ಲ.

ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರ ಬಟ್ಟೆಗಳನ್ನು ಮಡಿ ಮಾಡುತ್ತಿದ್ದ ಮಾಚಿದೇವರು ‘ಕಲಿದೇವರದೇವ’ ಎಂಬ ಅಂಕಿತದಲ್ಲಿ ವಚನಗಳನ್ನು ಬರೆದರು. ತಮ್ಮ ಕಾಯಕದ ಹೆಸರನ್ನು ಅವರು ಮರೆಮಾಚಲಿಲ್ಲ, ಮಡಿವಾಳ ಮಾಚಿದೇವ ಎಂದೇ ಉಳಿದರು. ಅವರ ಕಾಯಕದಲ್ಲಿ ಬಟ್ಟೆಯ ಮಡಿಯೂ ಮನಸ್ಸಿನ ಮಡಿಯೂ ಒಂದೇ. ತರಗತಿಯಲ್ಲಿ ವಚನಗಳ ಪಾಠ ಬಂದಾಗ ಈ ಪದದ ಕತೆಯನ್ನೂ ಜೊತೆಗೆ ಹೇಳುತ್ತೀರಿ ಎಂದು ಆಶಿಸುತ್ತೇನೆ.

ಮಡಿದ ಸೈನಿಕನ ಮಡಿಯನ್ನೂ ಬಾಗುವುದು ಎಂಬ ಬೇರಿಗೇ ಸೇರಿಸಲು ನನಗೆ ಅಡ್ಡಿ ಕಾಣುವುದಿಲ್ಲ. ನಿಂತವನು ಬಾಗಿದ, ಕುಸಿದ, ಬಿದ್ದ. ತಮಿಳಿನಲ್ಲಿಯೂ ಮಡಿ ಎಂಬುದಕ್ಕೆ ಸಾಯು ಎಂಬ ಅರ್ಥ ಇದೆ. ಇವತ್ತಿಗೂ ಈ ಪದವನ್ನು ನಾವು ಎಲ್ಲ ಸಾವಿಗೂ ಬಳಸುವುದಿಲ್ಲ. ಅಜ್ಜ ವಯಸ್ಸಾಗಿ ತೀರಿಕೊಳ್ಳುತ್ತಾರೆ, ಯೋಧ ಕಾಳಗದಲ್ಲಿ ಮಡಿಯುತ್ತಾನೆ. ನಿಂತಲ್ಲೇ ಬೀಳುವ ಚಿತ್ರ ಆ ಪದದೊಳಗೆ ಇನ್ನೂ ಉಳಿದಿದೆ. ಹಳಗನ್ನಡದಲ್ಲಿ ಮಡಿಪು ಎಂದರೆ ಕೊಲ್ಲು. ಹೊಸಗನ್ನಡ ಇವನ್ನು ಬೇರ್ಪಡಿಸಿಕೊಂಡಿದೆ: ಮಡಿಸು ಪೂರ್ತಿಯಾಗಿ ಬಟ್ಟೆಗೆ, ಮಡಿ ಎಂಬ ಅಕರ್ಮಕ ಕ್ರಿಯಾಪದ ಪೂರ್ತಿಯಾಗಿ ಸಾವಿಗೆ. ಪುಸ್ತಕದ ಹಾಳೆಯ ತುದಿ ಬಾಗಿದ್ದರೆ ‘ಮಡಿದಿದೆ’ ಎಂದು ಯಾರೂ ಹೇಳುವುದಿಲ್ಲ, ಮಡಚಿಕೊಂಡಿದೆ ಎನ್ನುತ್ತೇವೆ.

ಸಸಿಮಡಿ, ಏರುಮಡಿಗಳ ಮಡಿ ಬೇರೆ ಸಾಲಿನದು. ತೆಲುಗಿನಲ್ಲಿ ಮಡಿ ಎಂದರೆ ಬದು ಹಾಕಿ ನೀರು ನಿಲ್ಲಿಸಿದ ಗದ್ದೆ. ನಮ್ಮ ಸಸಿಮಡಿ, ಏರುಮಡಿಗಳು ಆ ಕಡೆಯ ನೆಂಟರು. ಬಟ್ಟೆಯ ಮಡಿಗೆ ಅದನ್ನು ಕಟ್ಟಿಹಾಕಬೇಡಿ. ಮಡಿಕೇರಿಯನ್ನಂತೂ ಈ ಪಟ್ಟಿಯಿಂದ ಧೈರ್ಯವಾಗಿ ತೆಗೆದುಹಾಕಿ. ಹಾಲೇರಿ ಅರಸರ ಮುದ್ದುರಾಜ 1681ರಲ್ಲಿ ಅಲ್ಲಿ ನೆಲೆ ಮಾಡಿಕೊಂಡ, ಮುದ್ದುರಾಜನ ಕೇರಿ ಸವೆದು ಮಡಿಕೇರಿಯಾಯಿತು. ಮಡದಿಯಲ್ಲೂ ಮಡಿಯನ್ನು ಹುಡುಕುವವರಿದ್ದಾರೆ. ಅದು ತಮಿಳಿನ ಮಡಂದೈಗೆ ಹತ್ತಿರದ ಪದ, ಹೆಣ್ಣು ಎಂಬ ಅರ್ಥದ್ದು.

ನೆರಿಗೆಯ ಪ್ರಶ್ನೆ ಚೆನ್ನಾಗಿದೆ. ಹಳಗನ್ನಡದಲ್ಲಿ ಅದು ನಿರಿ. ಗುಂಗುರು ಕೂದಲಿಗೆ ಕವಿಗಳು ನಿರಿಗುರುಳು ಎಂದರು. ಮಲಯಾಳಿಗಳು ಸೀರೆಯ ನೆರಿಗೆಗೆ ಇಂದಿಗೂ ಞೊರಿ ಎನ್ನುತ್ತಾರೆ. ತಮಿಳಿನ ಹಳೆಯ ಕವಿತೆಯಲ್ಲಿ ನೆರಿ ಎಂದರೆ ಕೂದಲಿನ ಅಲೆ. ಅಲೆಯಂತೆ ಒಂದರ ಹಿಂದೊಂದು ಬರುವುದು ನಿರಿಯ ಸ್ವಭಾವ. ಮಡಿಕೆ ಒಂದೇ ಇರಬಹುದು, ನೆರಿಗೆ ಒಂದೇ ಇದ್ದರೆ ನೆರಿಗೆ ಅನ್ನಿಸುವುದಿಲ್ಲ. ಸೀರೆ ಉಡುವವರು ನೆರಿಗೆ ಹಿಡಿಯುತ್ತಾರೆ. ಮಡಿಕೆಯನ್ನು ಯಾರೂ ‘ಹಿಡಿಯುವುದಿಲ್ಲ’. ಬೆರಳುಗಳ ನಡುವೆ ಬಟ್ಟೆಯನ್ನು ಅತ್ತಿತ್ತ ಆಡಿಸಿ, ಅಗಲ ಸಮ ಮಾಡಿ, ಒಟ್ಟಿಗೆ ಸೊಂಟಕ್ಕೆ ಸಿಕ್ಕಿಸುವ ಆ ಕೈಚಳಕ ಪೂರ್ತಿಯಾಗಿ ‘ಹಿಡಿ’ ಎಂಬ ಕ್ರಿಯಾಪದದಲ್ಲಿದೆ. ಇವೆರಡರ ಜೊತೆಗೆ ಸುಕ್ಕನ್ನೂ ಇಟ್ಟುಕೊಳ್ಳಿ. ಮಡಿಕೆ ಬೇಕೆಂದು ಮಾಡಿದ್ದು, ನೆರಿಗೆ ಅಂದವಾಗಲೆಂದು ಮಾಡಿದ್ದು, ಸುಕ್ಕು ತಾನಾಗಿ ಬಂದದ್ದು. ಮುದುಕರ ಕೈಯಲ್ಲಿ ಸುಕ್ಕು ಕಾಣುತ್ತೇವೆ, ಹಣೆಯಲ್ಲಿ ಮಾತ್ರ ನೆರಿಗೆ ಎನ್ನುತ್ತೇವೆ. ಹಣೆಯ ಗೆರೆಗಳು ಸಾಲಾಗಿರುತ್ತವೆ ಎಂಬುದನ್ನು ಕನ್ನಡ ಗಮನಿಸಿದೆ.

ನೀವು ಕೇಳದ ಒಂದು ಪದವನ್ನೂ ಸೇರಿಸುತ್ತೇನೆ, ಏಕೆಂದರೆ ಕನ್ನಡನಾಡಿನ ಮಡಿಕೆಗಳ ಮಾತು ಅದಿಲ್ಲದೆ ಅರ್ಧವಾಗುತ್ತದೆ. ಕಚೇರಿಗಳಲ್ಲಿ ಫೈಲಿಗೆ ಕಡತ ಎನ್ನುತ್ತಾರಲ್ಲ, ಆ ಕಡತ ಒಂದು ಕಾಲದಲ್ಲಿ ಬಟ್ಟೆ. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಲ ಪುಡಿಯನ್ನೂ ಬಳಿದು ಗಟ್ಟಿ ಮಾಡಿ, ಒಣಗಿಸಿ, ಹಿಂದೆ ಮುಂದೆ ಹಿಂದೆ ಮುಂದೆ ಮಡಿಸಿ ಪುಸ್ತಕದ ಆಕಾರಕ್ಕೆ ತರುತ್ತಿದ್ದರು. ಆ ಕಪ್ಪು ಮೈಮೇಲೆ ಬಳಪದಿಂದ ಬಿಳಿಯಾಗಿ ಬರೆಯುತ್ತಿದ್ದರು. ಬೇಡವಾದದ್ದನ್ನು ಒರೆಸಿ, ಮತ್ತೆ ಮಸಿ ಬಳಿದು ಹೊಸದಾಗಿ ಬರೆಯಬಹುದಿತ್ತು. ವರ್ತಕರ ಲೆಕ್ಕ ಇದರಲ್ಲೇ. ಶೃಂಗೇರಿ ಮಠದ ಹಳೆಯ ಕಡತಗಳಿಂದ ಇತಿಹಾಸಕಾರರು ಅರಸರ ಪತ್ರವ್ಯವಹಾರ, ಭೂಮಿಯ ವಿವರಗಳನ್ನೆಲ್ಲ ಹೆಕ್ಕಿ ತೆಗೆದಿದ್ದಾರೆ. ಪದದಲ್ಲಿ ಮಡಿ ಇಲ್ಲ, ವಸ್ತುವಿನ ತುಂಬ ಮಡಿಕೆಗಳಿದ್ದವು. ಸಾಧ್ಯವಾದರೆ ಮಕ್ಕಳಿಂದ ಕಾಗದದಲ್ಲಿ ಇಂಥದೊಂದು ಮಾಡಿಸಿ. ಉದ್ದನೆಯ ಪಟ್ಟಿಯನ್ನು ಮಡಿಸಿದಾಗ ಎಷ್ಟು ಪುಟ ಸಿಗುತ್ತದೆ ಎಂದು ಅವರೇ ಎಣಿಸಲಿ. ನಾಲ್ವಡಿಯ ಲೆಕ್ಕವೂ ತಾನಾಗಿ ತಿಳಿಯುತ್ತದೆ.

ಕೊನೆಯದಾಗಿ ಮಡಚು, ಮಡಿಚು, ಮಡಿಸು. ಮೂರೂ ಕನ್ನಡವೇ. ನಮ್ಮ ಪತ್ರಿಕೆಯಲ್ಲಿ ಬಟ್ಟೆ, ಹೊದಿಕೆಗಳಿಗೆ ಮಡಿಸು ಎಂದೂ, ಕೀಲು ಅಥವಾ ಗಟ್ಟಿ ಅಂಚಿರುವ ವಸ್ತುಗಳಿಗೆ ಮಡಚು ಎಂದೂ ಬರೆಯುವ ರೂಢಿ ಇಟ್ಟುಕೊಂಡಿದ್ದೇವೆ: ಸೀರೆ ಮಡಿಸಿದಳು, ಕೊಡೆ ಮಡಚಿದ, ಮಡಚುವ ಕುರ್ಚಿ, ಮಡಚುವ ಫೋನು. ಇದು ಅನುಕೂಲಕ್ಕೆ ಮಾಡಿಕೊಂಡ ಕ್ರಮ, ವ್ಯಾಕರಣದ ಕಟ್ಟಳೆ ಅಲ್ಲ. ಮಡಿಚು ಎಂದು ಬರೆದ ಮಗುವಿನ ಉತ್ತರಕ್ಕೆ ದಯವಿಟ್ಟು ಕೆಂಪು ಗೆರೆ ಎಳೆಯಬೇಡಿ, ಅದು ಆ ಮಗು ಮನೆಯಲ್ಲಿ ಕೇಳಿದ ರೂಪ. ನಿಮ್ಮ ತರಗತಿಯ ಮಕ್ಕಳು ಮನೆಯಲ್ಲಿ ಸೀರೆಯ ನೆರಿಗೆಗೆ, ಪಂಚೆಯ ನೆರಿಗೆಗೆ, ಒಗೆದ ಬಟ್ಟೆಗೆ ಏನೇನು ಹೆಸರು ಹೇಳುತ್ತಾರೆಂದು ವಿಚಾರಿಸಿ ಬರೆದು ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಅಚ್ಚುಹಾಕುತ್ತೇವೆ.

– ಸಂಪಾದಕ